ಹದಿನಾಲ್ಕನೆಯ ಎಸಳು

ನಮ್ಮ ಮನೆಯವರು ಹೇಳುವ ಪ್ರಕಾರ ಆ ಕಥೆ ಹುಟ್ಟಿದ್ದು ಹೀಗೆ. ಅಕ್ಕನ ಮಗಳು ಮೊದಲಿನಿಂದಲೂ ನಾಚಿಕೆಯ ಹುಡುಗಿ. ಚಿಗವ್ವನಿಗೆ, ಅಂದರೆ ನನಗೆ, ಅವಳೆಂದರೆ ಜೀವ. ಒಂದು ದಿನ ನಾನೇ ಮನಸ್ಸು ಮಾಡಿ ಕೂತು ಅವಳಿಗಾಗಿ ಒಂದು ಕಥೆ ಬರೆದೆ. ಅದನ್ನು ಕೇಳಿದ್ದೇ ತಡ, ಹುಡುಗಿಗೆ ಧೈರ್ಯ ಬಂತು. ಸಿರುಗುಪ್ಪದ ಅಕ್ಕನ ಮನೆಗೆ ಯಾರೇ ಬಂದರೂ ಚಹಾದ ಹಿಂದೆಯೇ ಈ ವೃತ್ತಾಂತವೂ ಬರುತ್ತದೆ. ಬಂದವರು ನನ್ನ ಕಡೆ ತಿರುಗಿ, "ಹೌದೇನವ್ವಾ? ಭಾಳ ಚಲೋ ಕೆಲಸ ಮಾಡೀದಿ ನೋಡು" ಅನ್ನುತ್ತಾರೆ.

ಇದರಲ್ಲಿ 'ಜೀವ' ಎಂಬ ಒಂದು ಮಾತು ಬಿಟ್ಟರೆ ಉಳಿದದ್ದರ ಮೇಲೆಲ್ಲ ನನ್ನ ತಕರಾರಿದೆ. ಹುಡುಗಿ ಮೊದಲಿನಿಂದ ನಾಚಿಕೆಯವಳಲ್ಲ. ನಾನೇ ಮನಸ್ಸು ಮಾಡಿ ಬರೆದದ್ದಲ್ಲ. ಒಂದು ದಿನಕ್ಕೆ ಮುಗಿಸಿದ್ದಂತೂ ಅಲ್ಲವೇ ಅಲ್ಲ. ಇನ್ನು, ಕಥೆಗೂ ಧೈರ್ಯಕ್ಕೂ ಇರುವ ಸಂಬಂಧ: ಎರಡೂ ಒಂದರ ಹಿಂದೆ ಒಂದು ಬಂದವು ಎಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ಯಾವ ತೀರ್ಪುಗಾರರೂ ಒಪ್ಪುವುದಿಲ್ಲ.

"ನಿಂದು ಯಾವಾಗ್ಲೂ ಇದ ಆತು," ಅನ್ನುತ್ತಾಳೆ ಅಕ್ಕ. "ಹೊಗಳಿದ್ರೂ ಅಡ್ಡ ಮಾತಾಡ್ತಿ."

ಅಡ್ಡ ಮಾತಾಡುವುದು ನನಗೆ ಅಭ್ಯಾಸವಾದದ್ದು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ. ಬಳ್ಳಾರಿಯಲ್ಲಿ ಕಾನೂನು ಓದುತ್ತಿದ್ದೇನೆ. ಬಿಡುವಿದ್ದಾಗಲೆಲ್ಲ ಊರೂರು ತಿರುಗಿ ವೇದಿಕೆ ಹತ್ತಿದ್ದೇನೆ. ಚೀಟಿ ಎತ್ತಿದಾಗ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಐದು ನಿಮಿಷ ಮಾತಾಡಬೇಕು. ನಾಲ್ಕನೇ ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಬಾರಿಸುತ್ತಾರೆ. ಎದುರಾಳಿ ತಾನೇ ಹೇಳಿದ ಮಾತಿನಲ್ಲಿ ಅವನನ್ನು ಸಿಕ್ಕಿಸಿ ಹಾಕುವುದು ನನಗೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದ ವಿದ್ಯೆ. ಈ ವಿದ್ಯೆಯನ್ನು ನಾನು ಒಂದು ಸಲ ಏಳು ವರ್ಷದ ಹುಡುಗಿಯ ಮೇಲೆ ಉಪಯೋಗಿಸಿದೆ. ನಮ್ಮ ಮನೆಯವರ ವೃತ್ತಾಂತದಲ್ಲಿ ಇಲ್ಲದೇ ಇರುವುದು ಇದೇ.

ನಮ್ಮಲ್ಲಿ ದಸರೆಯ ಕೊನೆಯ ದಿನ ಸಂಜೆ ಬನ್ನಿ ಕೊಡುತ್ತೇವೆ. ಬನ್ನಿ ಗಿಡದ ಎಸಳು, ಅಂದರೆ ಎಲೆಯಿರುವ ಸಣ್ಣ ಕಡ್ಡಿ, ಹಿರಿಯರ ಕೈಗಿಟ್ಟು, ಕಾಲಿಗೆ ಬಿದ್ದು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅನ್ನುವುದು. ಅವರು, "ಬಂಗಾರದಂಗ ಇರವ್ವಾ" ಎಂದು ತಲೆ ಮುಟ್ಟುವುದು. ಆ ಒಂದು ಸಂಜೆ ಎಲೆಯೇ ಬಂಗಾರ. ಬಳ್ಳಾರಿಯಿಂದ ನಾವು, ಸಿರುಗುಪ್ಪದಿಂದ ಅಕ್ಕ, ಎಲ್ಲರೂ ಆ ಹೊತ್ತಿಗೆ ಕುರುಗೋಡಿನ ದೊಡ್ಡಪ್ಪನ ಮನೆಯಲ್ಲಿ ಕೂಡುತ್ತೇವೆ. ದೊಡ್ಡಪ್ಪ ಸಾಲಿ ಮಾಸ್ತರಾಗಿ ನಿವೃತ್ತರಾದವರು. ಬಿಳಿ ಅಂಗಿ ತೊಟ್ಟು, ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಹಾಜರಿ ತೆಗೆದುಕೊಳ್ಳುವವರ ಹಾಗೆ ಕೂತಿರುತ್ತಾರೆ.

ಆ ವರ್ಷ ಹುಡುಗಿ ತನ್ನ ಬನ್ನಿ ತಾನೇ ತಂದಿದ್ದಳು. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಸಾಲಿಯಲ್ಲಿ ಬನ್ನಿ ಎಲೆಯ ಚಿತ್ರ ಬಿಡಿಸಿ ತೋರಿಸಿದ್ದರಂತೆ. ಅದೇ ತರಹದ ಎಲೆ ಅವಳ ಅಪ್ಪನ ಮಿಲ್ಲಿನ ಹಿಂದೆ ಕಾಲುವೆ ದಂಡೆಯಲ್ಲಿ ಕಂಡಿತ್ತು. ನಮ್ಮ ಭಾವ ಅಲ್ಲಿ ಅಕ್ಕಿ ಮಿಲ್ಲಿನ ಯಂತ್ರ ನೋಡಿಕೊಳ್ಳುತ್ತಾರೆ. ಕೈಗೆ ಮುಳ್ಳು ಚುಚ್ಚಿಸಿಕೊಂಡು ಮುರಿದು ತಂದು, ಎಸಳು ಮಾಡಿ, ಒಂದೊಂದಕ್ಕೂ ಕೆಂಪು ದಾರ ಕಟ್ಟಿ, ಬೂಟಿನ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿದ್ದಳು. ಹದಿನಾಲ್ಕು ಮಂದಿ, ಹದಿನಾಲ್ಕು ಎಸಳು. ಅಕ್ಕ ಹೋಳಿಗೆಯ ಗಡಿಬಿಡಿಯಲ್ಲಿದ್ದಳು, ನೋಡಲಿಲ್ಲ. ನೋಡಬೇಡ ಎಂದು ಹುಡುಗಿಯೇ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳಂತೆ.

ಪಡಸಾಲೆಯಲ್ಲಿ ಎಲ್ಲರಿಗೂ ಕೊಟ್ಟಳು. ದೊಡ್ಡಪ್ಪ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಕೊನೆಯದಾಗಿ ನನ್ನ ಹತ್ತಿರ ಬಂದಳು. ನಾನು ಎಸಳನ್ನು ಬೆಳಕಿಗೆ ಹಿಡಿದು ನೋಡಿದೆ.

"ಇದು ಬನ್ನಿ ಅಲ್ಲ," ಅಂದೆ. "ಬಳ್ಳಾರಿ ಜಾಲಿ."

ನಮ್ಮ ಊರಿನ ಹೆಸರು ಅಂಟಿಸಿಕೊಂಡು ದೇಶದ ತುಂಬ ಬೆಳೆದಿರುವ ಮುಳ್ಳುಗಿಡ ಅದು. ಎಲ್ಲಿಂದಲೋ ಬಂದದ್ದು, ಯಾರೂ ನೀರು ಹಾಕದೆ ಬೆಳೆಯುವುದು. ಎಲೆ ನೋಡಲು ಬನ್ನಿಯ ಹಾಗೆಯೇ.

"ಅಲ್ಲ ಬಿಡು," ಅಂದಳು ಅಕ್ಕ. "ಎಲಿ ಅದ ಐತೆಲ್ಲ."

ಎದುರು ಪಕ್ಷ ಬಾಯಿ ಬಿಟ್ಟ ಮೇಲೆ ನಾನು ನಿಲ್ಲುವವಳೇ? ಬನ್ನಿಯ ಮುಳ್ಳು ಸಣ್ಣವು, ಕಡ್ಡಿಯುದ್ದಕ್ಕೂ ಚೆದುರಿರುತ್ತವೆ. ಜಾಲಿಯವು ಎಲೆಯ ಬುಡದಲ್ಲಿ ಜೋಡಿ ಜೋಡಿಯಾಗಿ, ಉದ್ದಕ್ಕೆ ಇರುತ್ತವೆ, ಇಲ್ಲಿ ನೋಡಿ. ಬನ್ನಿಯ ಎಲೆ ಬೂದಿ ಬಳಿದಂತಿರುತ್ತದೆ, ಇದು ಕಡು ಹಸಿರು. ಮೂರನೆಯದಕ್ಕೆ ಹುಡುಗಿಯನ್ನೇ ಕೇಳಿದೆ: "ಎಲ್ಲಿಂದ ತಂದೀ ಇದನ್ನ?"

"ಕಾಲುವಿ ದಂಡಿಮ್ಯಾಗಿಂದ," ಅಂದಳು. ಇನ್ನೂ ನಗುತ್ತಿದ್ದಳು.

"ಕೇಳಿದ್ರಲ್ಲ? ಆಕೀನ ಒಪ್ಪಿಕೊಂಡ್ಲು. ಅಲ್ಲಿ ಜಾಲಿ ಬಿಟ್ರ ಬ್ಯಾರೆ ಏನು ಬೆಳೀತೈತಿ?"

ಎಲ್ಲರೂ ನಕ್ಕರು. "ಇರ್ಲಿ ಬಿಡಲೇ ವಕೀಲಮ್ಮ," ಅಂದರು ದೊಡ್ಡಪ್ಪ, "ನಮ್ಮ ಜಿಲ್ಲಾಕ್ಕ ಇದ ಬಂಗಾರ." ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಜೇಬಿನಿಂದ, ಮುಡಿಯಿಂದ ತೆಗೆದು, ಮುಳ್ಳು ಚುಚ್ಚುತ್ತದೆಂದು ಕಟ್ಟೆಯ ಮೇಲೆ ಇಟ್ಟರು. ಅಷ್ಟರಲ್ಲಿ ಊಟಕ್ಕೆ ಕರೆದರು. ಹೋಳಿಗೆ ತುಂಬಾ ಚೆನ್ನಾಗಿತ್ತು. ಹುಡುಗಿ ಆಗ ಏನು ಮಾಡುತ್ತಿದ್ದಳೆಂದು ನನ್ನನ್ನು ಕೇಳಿದರೆ, ನೆನಪಿಲ್ಲ.

ಮುಂದಿನ ವರ್ಷ ಶ್ರಾವಣದಲ್ಲಿ ಅಕ್ಕ ಫೋನ್ ಮಾಡಿದಳು. ಹುಡುಗಿ ಯಾರ ಕೈಗೂ ಏನೂ ಕೊಡುತ್ತಿಲ್ಲವಂತೆ. ಸಾಲಿಯಲ್ಲಿ ನೋಟ್‌ಬುಕ್ ತೋರಿಸು ಅಂದರೆ ಎಲ್ಲರ ಹಿಂದೆ ನಿಲ್ಲುತ್ತಾಳಂತೆ. ತನ್ನ ಹುಟ್ಟುಹಬ್ಬದ ಚಾಕೊಲೇಟನ್ನೂ ಪಕ್ಕದ ಹುಡುಗಿಯ ಕೈಯಲ್ಲಿ ಹಂಚಿಸಿದಳಂತೆ. ಏನು ಹಿಡಿದುಕೊಂಡರೂ, "ಇದು ಖರೇದ ಹೌದಿಲ್ಲವ್ವಾ?" ಎಂದು ಎರಡು ಸಲ ಕೇಳುತ್ತಾಳಂತೆ.

"ಈ ಸಲ ಕುರುಗೋಡಿಗೆ ಬರಂಗಿಲ್ಲ ಅಂತಾಳ. ಬಂದ್ರೂ ಬನ್ನಿ ಕೊಡಂಗಿಲ್ಲಂತ," ಅಂದಳು. "ನಿನಗ ಮಾತು ಬರ್ತಾವಲ್ಲ, ಒಂದು ಕಥಿ ಬರಿ. ಮಕ್ಕಳಿಗೆ ತಮ್ಮ ಮ್ಯಾಲ ತಮಗ ಬೆಲಿ ಇರ್ಬೇಕು, ಆ ನಮೂನಿದು."

"ವಿಷಯದ ಪರನೋ, ವಿರೋಧನೋ?"

"ಲೇ, ಮಜಾಕ್ ಮಾಡಬ್ಯಾಡ."

ಹೀಗೆ, ನನಗೆ ವಿಷಯ ಕೊಟ್ಟರು. ಅಕ್ಕ ಆಗಲೂ ಹಳೆಯ ದಸರೆಯ ಹೆಸರೆತ್ತಲಿಲ್ಲ. ಅವಳಿಗೂ ಅದು ನಕ್ಕು ಮರೆತ ಸಂಗತಿ. ನಾನಂತೂ ಈ ಎರಡನ್ನು ಜೋಡಿಸಿ ನೋಡಲೇ ಇಲ್ಲ.

ಮೊದಲು ನುಚ್ಚಿನ ಕಥೆ ಬರೆದೆ. ಅಕ್ಕಿ ಮಿಲ್ಲಿನ ಮನೆಯ ಹುಡುಗಿ, ಅವಳಿಗೆ ಒಪ್ಪುತ್ತದೆ ಎಂಬ ಲೆಕ್ಕ. ಯಂತ್ರದಲ್ಲಿ ಮುರಿದ ಒಂದು ಅಕ್ಕಿ ಕಾಳು, ಇಡೀ ಕಾಳುಗಳ ಜೊತೆ ಚೀಲಕ್ಕೆ ಹೋಗಲಾರದೆ ಅಳುತ್ತದೆ. ಆಮೇಲೆ ಜ್ವರ ಬಂದ ಒಬ್ಬ ಅಜ್ಜನಿಗೆ ಅದರಿಂದಲೇ ಗಂಜಿ ಮಾಡುತ್ತಾರೆ, ಅಜ್ಜ ಎದ್ದು ಕೂರುತ್ತಾನೆ. ನನಗೇ ಕಣ್ಣು ಒದ್ದೆಯಾಯಿತು. ಶನಿವಾರ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಓದಿದೆ. ಹುಡುಗಿ ಅವರೆಕಾಯಿ ಸುಲಿಯುತ್ತ ಕೇಳಿದಳು.

"ಗಂಜಿ ಕುಡಿದ ಮ್ಯಾಲ ನುಚ್ಚು ಎಲ್ಲೈತಿ ಚಿಗವ್ವಾ?"

"ಅಜ್ಜನ ಹೊಟ್ಯಾಗ."

"ಅಂದ್ರ ಸತ್ತೋತು."

"ಸಾಯಲಿಲ್ಲವ್ವಾ, ಉಪಯೋಗ ಆತು."

"ಅಜ್ಜಗ ಜ್ವರ ಬರದಿದ್ರ?"

ಜ್ವರ ಬರದಿದ್ದರೆ ಆ ನುಚ್ಚಿಗೆ ಬೆಲೆಯೇ ಇಲ್ಲ, ನನ್ನ ಕಥೆ ಹೇಳುತ್ತಿದ್ದದ್ದು ಅಷ್ಟೇ. ಒಲೆಯ ಮುಂದೆ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಎಲ್ಲ ಬಿಟ್ಟು ಎಂಟು ವರ್ಷದವಳ ಮುಂದೆ ನನ್ನ ನಾಲ್ಕನೇ ನಿಮಿಷದ ಗಂಟೆ ಮೊಳಗಿತ್ತು.

"ಮತ್ತ ಎಂಥಾ ಕಥಿ ಬೇಕು ನಿನಗ?" ಅಂದೆ, ಸ್ವಲ್ಪ ಸಿಟ್ಟಿನಲ್ಲೇ.

"ಜಾಲಿದು."

"ಯಾವ ಜಾಲಿ?"

ಅವಳು ಎದ್ದು ಒಳಗೆ ಹೋಗಿ, ಮಂಚದ ಕೆಳಗಿನಿಂದ ಬೂಟಿನ ಡಬ್ಬಿ ತಂದಳು. ಮುಚ್ಚಳ ತೆಗೆದಳು. ಒಣಗಿದ ಕಡ್ಡಿಗಳು. ಎಲೆಯೆಲ್ಲ ಉದುರಿ ಡಬ್ಬಿಯ ತಳದಲ್ಲಿ ಪುಡಿಯಾಗಿತ್ತು. ಮುಳ್ಳು ಮಾತ್ರ ಹಾಗೆಯೇ ಇದ್ದವು, ಜೋಡಿ ಜೋಡಿಯಾಗಿ, ನಾನು ಅವತ್ತು ಸಾಬೀತು ಮಾಡಿದ ಹಾಗೆಯೇ. ಒಂದೊಂದಕ್ಕೂ ಕೆಂಪು ದಾರ. ನಾವೆಲ್ಲ ಹೋಳಿಗೆ ತಿನ್ನುವಾಗ ಅವಳು ಕಟ್ಟೆಯ ಮೇಲಿನಿಂದ ಒಂದೊಂದನ್ನೇ ಆರಿಸಿಕೊಂಡಿದ್ದಳು.

"ಹದಿಮೂರು ಅದಾವು," ಅಂದಳು. "ನಿಂದೊಂದು ಕಮ್ಮಿ ಐತಿ."

ನನ್ನದು. ಅದನ್ನು ನಾನು ಗೆಳತಿಯರಿಗೆ ತೋರಿಸಿ ನಗಿಸಲೆಂದು ಬ್ಯಾಗಿಗೆ ಹಾಕಿಕೊಂಡಿದ್ದೆ. ತೋರಿಸಿದೆ, ನಗಿಸಿದೆ, ಕಾಲೇಜಿನ ಕಸದ ಡಬ್ಬಿಗೆ ಹಾಕಿದೆ. ಅಕ್ಕ ಒಲೆ ಆರಿಸಿ ನಮ್ಮಿಬ್ಬರ ಮುಖ ನೋಡಿದಳು. ಅವಳಿಗೂ ಆಗಲೇ ಹೊಳೆದಿರಬೇಕು. ಆ ಹೊತ್ತಿಗೆ ಅವಳು ಏನಾದರೂ ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಎದುರು ಮಾತಾಡಬಹುದಿತ್ತು.

"ನೀ ಕೊಟ್ಟಿದ್ದು ನಾ ಕಳಕೊಂಡೆ," ಅಂದೆ ಹುಡುಗಿಗೆ.

"ಹೂಂ," ಅಂದು ಮುಚ್ಚಳ ಹಾಕಿದಳು.

ತಪ್ಪಾಯಿತು ಎಂದು ಅಲ್ಲೇ ಹೇಳಿದ್ದರೆ ಕಥೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲವೇನೋ. ಆದರೆ ನನಗೆ ತಪ್ಪು ಸಿಗಲಿಲ್ಲ. ಅದು ಜಾಲಿಯೇ ಆಗಿತ್ತು. ನಾನು ಸುಳ್ಳು ಹೇಳಿರಲಿಲ್ಲ. ಬಳ್ಳಾರಿಗೆ ವಾಪಸಾಗುವ ಬಸ್ಸಿನಲ್ಲಿ ಕಿಟಕಿಯಾಚೆ ಉದ್ದಕ್ಕೂ ಅದೇ ಗಿಡ, ಹೊಲದ ಬದುವಿಗೆ, ಹಾಳು ಗೋಡೆಗೆ, ರಸ್ತೆಯ ಎರಡೂ ಬದಿಗೆ. ನೋಡುತ್ತ ನೋಡುತ್ತ ನನ್ನ ವಾದವನ್ನೇ ಮತ್ತೆ ಮತ್ತೆ ಗೆಲ್ಲಿಸಿಕೊಂಡೆ. ಗೆದ್ದರೂ ಸಮಾಧಾನ ಆಗಲಿಲ್ಲ.

ಮುಂದಿನ ಶನಿವಾರ ಜಾಲಿಯ ಕಥೆ ಒಯ್ದೆ. ಇದರಲ್ಲಿ ಜಾಲಿಯನ್ನು ಎಲ್ಲರೂ ಬೈಯುತ್ತಾರೆ, ಕೊನೆಗೆ ಅದೇ ಬೇಲಿಯಾಗಿ ಹೊಲ ಕಾಯುತ್ತದೆ, ಸೌದೆಯಾಗಿ ಅನ್ನ ಬೇಯಿಸುತ್ತದೆ.

"ಮತ್ತ ಸುಟ್ಟಿ ಅದನ್ನ," ಅಂದಳು ಹುಡುಗಿ.

ಅದರ ಮುಂದಿನ ಶನಿವಾರ ಜಾಲಿ ಮತ್ತು ಬನ್ನಿ ಒಂದೇ ಬಳಗದವು, ದಾಯಾದಿಗಳು ಎಂದು ಬರೆದುಕೊಂಡು ಹೋದೆ. ಇದು ಸಸ್ಯಶಾಸ್ತ್ರದ ಪ್ರಕಾರವೂ ಖರೆ, ಪುಸ್ತಕ ನೋಡಿ ಖಾತ್ರಿ ಮಾಡಿಕೊಂಡಿದ್ದೆ. ಈ ಸಲ ಗೆಲುವು ನನ್ನದೇ ಎಂದುಕೊಂಡು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅವಳಿಗೊಂದು ಬಣ್ಣದ ಪೆನ್ಸಿಲ್ಲಿನ ಡಬ್ಬಿಯನ್ನೂ ಕೊಂಡಿದ್ದೆ. ಅವಳು ಪೆನ್ಸಿಲ್ ತೆಗೆದುಕೊಂಡಳು. ಕಥೆ ತೆಗೆದುಕೊಳ್ಳಲಿಲ್ಲ.

"ಬನ್ನಿಗೆ ಸಂಬಂಧ ಇರ್ಲಿಲ್ಲ ಅಂದ್ರ ಜಾಲಿನ್ನ ಒಗೀಬೇಕೇನು?"

"ಹಂಗಲ್ಲವ್ವಾ. ನೋಡು, ಎಲ್ಲಾರೂ ಬಂಗಾರ ಅಂತ ಬನ್ನಿನ್ನ..."

"ಬನ್ನಿನೂ ಬಂಗಾರ ಅಲ್ಲಲಾ ಚಿಗವ್ವಾ?"

ಅಷ್ಟೇ ಅಂದಳು, ಹಸಿರು ಪೆನ್ಸಿಲ್ಲಿಗೆ ಮೊನೆ ಮಾಡುತ್ತ. ಎಲ್ಲವನ್ನೂ ಸಂಶಯದಿಂದ ನೋಡುವವಳು ನಾನು. ಅವತ್ತು ಆ ಪಡಸಾಲೆಯಲ್ಲಿ ಹದಿನಾಲ್ಕು ಮಂದಿ ಎಲೆಯನ್ನು ಬಂಗಾರ ಎನ್ನುತ್ತಿದ್ದಾಗ ನನಗೆ ಏನೂ ಅನ್ನಿಸಿರಲಿಲ್ಲ. ಎಲೆ ಬಂಗಾರವಾದದ್ದು ಕೊಟ್ಟವರ ಮತ್ತು ತೆಗೆದುಕೊಂಡವರ ಒಪ್ಪಂದದಿಂದ. ಆ ಒಪ್ಪಂದದಲ್ಲಿ ಮುಳ್ಳು ಜೋಡಿಯಾಗಿವೆಯೋ ಚೆದುರಿವೆಯೋ ಎಂಬ ಮಾತು ಎಲ್ಲಿಂದ ಬಂತು? ಒಪ್ಪಂದವನ್ನು ಮುರಿದದ್ದು ಅವಳಲ್ಲ. ನನ್ನ ಮೂರೂ ಪುರಾವೆ ಸರಿಯಿದ್ದವು, ಮೂರೂ ಆ ಸಂಜೆಯ ವಿಷಯಕ್ಕೆ ಸಂಬಂಧಪಟ್ಟವಲ್ಲ. ವೇದಿಕೆಯಲ್ಲಾಗಿದ್ದರೆ ಅಂಕ ಕಳೆಯುತ್ತಿದ್ದರು.

"ನೀ ಗೆದ್ದಿ," ಅಂದೆ. "ನನ್ನದ ತಪ್ಪು. ಅವತ್ತು ನಾ ಹಂಗ ಅನ್ನಬಾರದಿತ್ತು."

"ಈಗ ವಾದಾ ಮಾಡಬ್ಯಾಡ. ಬರಕೋ," ಅಂದಳು.

ಆಮೇಲೆ ಬರೆದದ್ದು ಅವಳು ಹೇಳಿದ್ದನ್ನು. ನಾನು ನಡುವೆ ನಡುವೆ ತಕರಾರು ಎತ್ತಿದೆ, ಹೆಚ್ಚಿನವು ಬಿದ್ದುಹೋದವು. ಒಬ್ಬ ಹುಡುಗಿ ಬನ್ನಿ ತರಲು ಹೋಗುತ್ತಾಳೆ. ಅವಳ ಡಬ್ಬಿಯಲ್ಲಿ ಒಂದು ಜಾಲಿಯ ಎಸಳೂ ಬಂದುಬಿಡುತ್ತದೆ. ಹಬ್ಬದ ಮನೆಯಲ್ಲಿ ಯಾರೋ ಒಬ್ಬರು ಅದನ್ನು ಕಂಡುಹಿಡಿಯುತ್ತಾರೆ.

"ಯಾರು?" ಅಂದೆ.

"ಒಬ್ಬ ಚಿಗವ್ವ."

"ಕಾಗಿ ಮಾಡೋಣೇನು? ಮಕ್ಕಳ ಕಥಿಗೆ ಕಾಗಿ ಚಲೋ ಒಪ್ತೈತಿ."

ಅವಳು ನನ್ನ ಮುಖ ನೋಡಿ ಸ್ವಲ್ಪ ಯೋಚಿಸಿದಳು. "ಕಾಗಿ ಆದ್ರೂ ನಡೀತೈತಿ. ಆದ್ರ ಕಾಗಿ ಕೆಟ್ಟದ್ದಲ್ಲ ಅಂತ ಬರಿ. ಅದಕ್ಕ ಗೊತ್ತಿತ್ತು, ಒದರಿತು."

ಬರೆದುಕೊಂಡೆ. 'ಇದು ಬನ್ನಿ ಅಲ್ಲ, ಜಾಲಿ' ಎಂದು ಕಾಗೆ ಕೂಗುತ್ತದೆ. ಆಗ ಎಸಳು ಹೇಳುತ್ತದೆ: 'ಹೌದು, ನಾನು ಜಾಲಿ. ಕಾಲುವೆಯ ದಂಡೆಯಿಂದ ಬಂದಿದ್ದೇನೆ. ಈ ಹುಡುಗಿಯ ಕೈಯಲ್ಲಿದ್ದೇನೆ.' ಅದರ ಮುಂದಿನ ಪುಟದಲ್ಲಿ ಏನಾಗಬೇಕು ಎಂದು ನಾನು ಪೆನ್ನು ಹಿಡಿದು ಕಾದೆ. ಯಾರಾದರೂ ಅದನ್ನು ಎತ್ತಿಕೊಳ್ಳಬೇಡವೇ? ಹೊಗಳಬೇಡವೇ?

"ಆಮ್ಯಾಲ?"

"ಆಮ್ಯಾಲ ಎಲ್ಲಾರೂ ಊಟ ಮಾಡಿದ್ರು."

"ಜಾಲಿ?"

"ಅದೂ ಅಲ್ಲೇ ಇತ್ತು."

ಮುಗಿಯಿತು. ಇಷ್ಟು ಸಣ್ಣ ಕೊನೆಯನ್ನು ನಾನು ಒಪ್ಪಿರಲಿಲ್ಲ, ಬಸ್ಸಿನಲ್ಲಿ ಎರಡು ಬೇರೆ ಕೊನೆ ಯೋಚಿಸಿದೆ. ಮನೆಗೆ ಬರುವಷ್ಟರಲ್ಲಿ ಎರಡನ್ನೂ ಬಿಟ್ಟೆ. ಎಸಳು ಏನೂ ಆಗಬೇಕಾಗಿರಲಿಲ್ಲ, ಬೇಯಬೇಕಾಗಿರಲಿಲ್ಲ, ಬನ್ನಿಯ ತಮ್ಮನಾಗಬೇಕಾಗಿರಲಿಲ್ಲ. ಊಟದ ಹೊತ್ತಿಗೆ ಅಲ್ಲಿ ಇದ್ದರೆ ಸಾಕಿತ್ತು.

ಅವಳು ಬಿಡಿಸಿದ ಚಿತ್ರಗಳ ಜೊತೆ ಎಂಟು ಪುಟ ಜೋಡಿಸಿ ಬ್ರೂಸ್‌ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಹದಿನಾಲ್ಕು ಪ್ರತಿ ಮಾಡಿಸಿದೆ. ಅಂಗಡಿಯವರು ಪಿನ್ ಹೊಡೆಯುತ್ತ, "ಮಕ್ಕಳ ಪುಸ್ತಕಕ್ಕ ಮುಳ್ಳು ಯಾಕ್ರಿ ಮೇಡಂ? ಹೂವಾ ಗೀವಾ ಹಾಕ್ಬೇಕಿಲ್ರಿ?" ಅಂದರು.

"ಜಾಲಿಗೆ ಮುಳ್ಳ ಇರ್ತಾವ್ರಿ."

"ಅದೂ ಖರೇನ ಬಿಡ್ರಿ," ಎಂದು ಒಂದು ಪುಟ ಓದಿದರು, ಇನ್ನೊಂದು ತಿರುಗಿಸಿದರು. ಗಿರಾಕಿಗಳು ಕಾಯುತ್ತಿದ್ದರು.

ಆದರೂ ಹುಡುಗಿ ಕುರುಗೋಡಿಗೆ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಕಥೆ ಮುಗಿದ ಮೇಲೆ ಅವಳು ಆ ಮಾತೇ ಎತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಮಾರುಕಟ್ಟೆಯಿಂದ ಒಂದು ಕಟ್ಟು ಬನ್ನಿ ತಂದು, ಮುಳ್ಳು ನೋಡಿ ಖಾತ್ರಿ ಮಾಡಿಕೊಂಡು, ಸಿರುಗುಪ್ಪಕ್ಕೆ ಒಯ್ದೆ. ಎಲ್ಲರಿಗೂ ಕೊಡು ಎಂದು ಹುಡುಗಿಗೆ ಹೇಳಲಿಲ್ಲ. ಅಡುಗೆಮನೆಯ ಬಾಗಿಲ ಹತ್ತಿರ ಇಟ್ಟು ಬಂದೆ. ಮರುದಿನ ಸಂಜೆ ದೊಡ್ಡಪ್ಪನ ಪಡಸಾಲೆಯಲ್ಲಿ ಕೂತು ಬಾಗಿಲು ನೋಡುತ್ತಲೇ ಇದ್ದೆ. "ಏನಲೇ ವಕೀಲಮ್ಮ, ಸಾಕ್ಷಿದಾರರು ಬರಬೇಕೇನು?" ಎಂದು ದೊಡ್ಡಪ್ಪ ಎರಡು ಸಲ ಕಾಡಿದರು.

ಬಂದಳು. ಕಂಕುಳಲ್ಲಿ ಅದೇ ಬೂಟಿನ ಡಬ್ಬಿ. ಬೆರಳಿಗೆ ಅರಿಶಿನ ಹಚ್ಚಿತ್ತು, ಹೊಸ ಗಾಯ. ಮುಳ್ಳು ಸಣ್ಣವಿರುವ ಬನ್ನಿಗೆ ಇಷ್ಟು ಗಾಯ ಯಾಕೆ ಎಂದು ನನ್ನೊಳಗಿನ ವಕೀಲೆ ಎದ್ದು ನಿಂತಳು, ನಾನು ಅವಳನ್ನು ಕೂಡಿಸಿದೆ.

ಹುಡುಗಿ ದೊಡ್ಡಪ್ಪನಿಂದ ಶುರು ಮಾಡಿದಳು. ಎಸಳು ಕೈಗಿಟ್ಟು, ಕಾಲಿಗೆ ಬಿದ್ದು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ತಾತ" ಅಂದಳು. ದನಿ ಮೊದಮೊದಲು ಸಣ್ಣದಿತ್ತು, ಐದನೆಯವರ ಹೊತ್ತಿಗೆ ಸರಿಯಾಯಿತು. ದೊಡ್ಡಪ್ಪ ಜೇಬಿಗೆ ಸಿಕ್ಕಿಸಿಕೊಂಡು, ಈ ಸಲ ಗುಂಡಿಯನ್ನೂ ಹಾಕಿದರು. ಹಿಂದೆಯೇ ಅಕ್ಕ ಒಬ್ಬೊಬ್ಬರಿಗೂ ಪುಸ್ತಕದ ಪ್ರತಿ ಕೊಡುತ್ತ ಬಂದಳು. ನಾನು ಕಂಡ ಎಲ್ಲ ಎಸಳೂ ಬನ್ನಿಯೇ, ಬೂದಿ ಬಣ್ಣದ ಸಣ್ಣೆಲೆ. ನೋಡಬಾರದೆಂದುಕೊಂಡೇ ನೋಡಿದೆ, ಬಿಟ್ಟುಹೋಗದ ಅಭ್ಯಾಸ.

ನನ್ನ ಮುಂದೆ ಬಂದಾಗ ಡಬ್ಬಿಯಲ್ಲಿ ಎರಡೇ ಉಳಿದಿದ್ದವು, ಒಂದು ನನ್ನದು, ಇನ್ನೊಂದು ಅವಳ ಅವ್ವನದು. ಒಂದನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಚುಚ್ಚಿತು. ಕೈ ಬಿಚ್ಚಿದರೆ ಕಡು ಹಸಿರು ಎಲೆ, ಬುಡದಲ್ಲಿ ಜೋಡಿ ಮುಳ್ಳು, ಕೆಂಪು ದಾರ.

"ಬಂಗಾರದಂಗ ಇರವ್ವಾ," ಅಂದೆ ನಾನು ಮೊದಲು. ತಲೆ ಮುಟ್ಟಿದೆ. ಎಣ್ಣೆ ಹಚ್ಚಿ ಎಳೆದು ಹೆಣೆದ ತಲೆ, ಬೆಚ್ಚಗಿತ್ತು. ನನಗೆ ಬಹಳ ದಿನಗಳಿಂದ ಇಷ್ಟು ಸಂತೋಷ ಆಗಿರಲಿಲ್ಲ. ಹಾಗೆಂದು ಸುಮ್ಮನಿರಲೂ ಆಗಲಿಲ್ಲ. ಕಳೆದುಕೊಂಡ ಹದಿನಾಲ್ಕನೆಯದನ್ನು ತುಂಬಿಕೊಟ್ಟಳೋ, ಹೋದ ವರ್ಷದ್ದನ್ನು ನೆನಪಿಸಿದಳೋ, ಕಥೆಯ ಎಸಳನ್ನು ನನ್ನ ಹತ್ತಿರ ಇರಲೆಂದು ಬಿಟ್ಟಳೋ? ಮೂರರ ಪರವಾಗಿಯೂ ನಾನು ಐದೈದು ನಿಮಿಷ ಮಾತಾಡಬಲ್ಲೆ. ಅವಳು ಆಗಲೇ ಎದ್ದು ತನ್ನ ಅವ್ವನ ಕಡೆ ತಿರುಗಿದ್ದಳು. ನಾನು ಮೆಲ್ಲಗೆ, ಅವಳಿಗೆ ಮಾತ್ರ ಕೇಳಿಸುವ ಹಾಗೆ ಕೇಳಿದೆ:

"ಎಲ್ಲಾರಿಗೂ ಬನ್ನಿ ಕೊಟ್ಟು, ನನಗಷ್ಟ ಯಾಕವ್ವಾ ಇದನ್ನ ತಂದಿ?"